ಅತ್ತೆ ಇಲ್ಲದ ಬಿತ್ತಿಗೆ

ಅದು ಸೋಮವಾರ. ನಮ್ಮ ತಿರ್ಲಾಪುರದಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೊರಿಸುವುದಿಲ್ಲ. ಹಾಗಾಗಿ ಕೂರಿಗೆ ಹೊಲದಿಂದ ಅಂಗಳಕ್ಕೆ ಬಂದಿತ್ತು. ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಿದಿರಿನ ಕೊಳವೆಗಳೊಳಗೆ ಕಡ್ಡಿ ಆಡಿಸಿ ಒಣಗಿದ ಮಣ್ಣನ್ನು ಕೊಡವುತ್ತಿದ್ದರು. ಅವರ ಎದುರಿಗೆ ಡೆನ್ಮಾರ್ಕಿನ ಹುಡುಗಿ ನೋಟುಬುಕ್ಕು ಹಿಡಿದು ಕೂತಿದ್ದಳು.

"ಇದಕ್ಕೆ ಏನು ಹೆಸರು ರೀ?"

"ಬಟ್ಟಲ."

"ಊಟದ ಬಟ್ಟಲು?"

"ಭೂಮಿ ಊಟದ್ದು. ಬರಕೋ."

ಹುಡುಗಿ ಬರೆದುಕೊಂಡಳು. ಅತ್ತೆ ನನ್ನ ಕಡೆ ತಿರುಗಿ, "ಏನ್ ಹೇಳಿದ್ರೂ ಬರಕೋತಾಳಲೇ ಈಕಿ. ನಾಳೆ ನಾ ಸೀನಿದ್ರ ಅದನ್ನೂ ಬರಕೋತಾಳ" ಅಂದರು. ಮೂವರೂ ನಕ್ಕೆವು. ಮರುದಿನ ತಗ್ಗಿನ ಹೊಲದ ಬಿತ್ತಿಗೆ ಶುರುವಾಗಬೇಕಿತ್ತು. ಆರು ಎಕರೆ ಹಿಂಗಾರಿ ಜೋಳ, ನಮ್ಮ ಮನೆಯ ಇಡೀ ವರ್ಷದ ರೊಟ್ಟಿ. ಉತ್ತರೆ ಮಳೆ ಚೆನ್ನಾಗಿ ಹಿಡಿದು ಬಿಟ್ಟಿತ್ತು. ಎರೆಭೂಮಿ ಕಾಲಿಗೆ ಅಂಟುವುದು ನಿಂತು ಹದಕ್ಕೆ ಬಂದಿತ್ತು.

ಹುಡುಗಿ ಬಂದು ಹತ್ತು ದಿನವಾಗಿತ್ತು. ಧಾರವಾಡದಲ್ಲಿ ಒಬ್ಬ ಮಾಸ್ತರರ ಮನೆಯಲ್ಲಿ ನಾಲ್ಕು ತಿಂಗಳಿದ್ದು ಕನ್ನಡ ಕಲಿತಿದ್ದಳು. ಮಾಸ್ತರರು ನನ್ನ ಗಂಡನಿಗೆ ಗುರುತಿನವರು. "ಉಣ್ಣಾಕ, ಮಲಗಾಕ ಕೊಟ್ರ ಸಾಕು, ಹೊಲದಾಗ ದುಡಿತಾಳ" ಎಂದು ಚೀಟಿ ಕೊಟ್ಟು ಕಳಿಸಿದ್ದರು. ಗ್ರೀಸ್ ದೇಶದಲ್ಲಿ ಯಾರದೋ ತೋಟದಲ್ಲಿ ಆಲಿವ್ ಕಾಯಿ ಬಡಿದು, ಇರಾನಿನಲ್ಲಿ ಯಾರದೋ ಕುರಿ ಕಾಯ್ದು, ವಿಮಾನ ಹತ್ತದೆ ನೆಲದ ಮೇಲೆಯೇ ಇಷ್ಟು ದೂರ ಬಂದಿದ್ದಳು. ಪಗಾರವಿಲ್ಲದೆ ದುಡಿಯಲು ಒಬ್ಬರು ಅಷ್ಟು ದೂರದಿಂದ ಬರುತ್ತಾರೆಂದು ಊರಲ್ಲಿ ಯಾರೂ ನಂಬಲಿಲ್ಲ. ಏನೋ ಹುಡುಕಲು ಬಂದಿದ್ದಾಳೆ ಎಂದರು. ನಾನೂ ಒಮ್ಮೆ ಕೇಳಿದೆ. "ನಮ್ಮ ಅಪ್ಪನ ಹೊಲ ಇದೆ ರೀ. ಅಲ್ಲಿ ಯಂತ್ರ ಬಿತ್ತುತ್ತದೆ. ಕೈ ಹೇಗೆ ಬಿತ್ತುತ್ತದೆ, ನಾನು ನೋಡಿಲ್ಲ" ಅಂದಳು.

ಮಾಸ್ತರರು ಅವಳಿಗೆ ದೊಡ್ಡವರ ಜೊತೆ 'ರೀ' ಹಚ್ಚಬೇಕೆಂದು ಹೇಳಿಕೊಟ್ಟಿದ್ದರು. ಯಾರು ದೊಡ್ಡವರು ಎಂಬುದನ್ನು ಹೇಳಿರಲಿಲ್ಲ ಅನಿಸುತ್ತದೆ. ಎತ್ತುಗಳಿಗೂ "ನಿಲ್ರಿ, ಬರ್ರಿ" ಅನ್ನುತ್ತಿದ್ದಳು. ಎತ್ತುಗಳು ನಿಲ್ಲುತ್ತಿರಲಿಲ್ಲ.

ಕೂರಿಗೆಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅಡ್ಡ ದಿಂಡಿಗೆ ಮೂರು ಹಲ್ಲು, ಹಲ್ಲಿಗೊಂದು ಕೊಳವೆ, ಮೂರೂ ಕೊಳವೆ ಮೇಲೆ ಬಂದು ಕೂಡುವಲ್ಲಿ ಮರದ ಬಟ್ಟಲು. ಎತ್ತು ಎಳೆಯುತ್ತವೆ, ಗಂಡಸು ಹಿಂದೆ ಒತ್ತಿ ಹಿಡಿಯುತ್ತಾನೆ, ಹೆಂಗಸು ಬಾಜುವಿಗೆ ನಡೆಯುತ್ತ ಸೀರೆಯ ಉಡಿಯಲ್ಲಿ ಕಟ್ಟಿಕೊಂಡ ಬೀಜವನ್ನು ಹಿಡಿಹಿಡಿಯಾಗಿ ತೆಗೆದು ಬಟ್ಟಲಿಗೆ ಬಿಡುತ್ತ ಹೋಗುತ್ತಾಳೆ. ಕಡಿಮೆ ಬಿಟ್ಟರೆ ಬಯಲು, ಹೆಚ್ಚು ಬಿಟ್ಟರೆ ಗುಂಪು. ಬಿಟ್ಟದ್ದು ಮಣ್ಣಿನೊಳಗೆ ಹೋದ ಮೇಲೆ ಯಾರಿಗೂ ಕಾಣುವುದಿಲ್ಲ. ವಾರದ ಮೇಲೆ ಮೊಳಕೆ ಎದ್ದಾಗ ಅವಳ ಕೈ ಎಂಥದೆಂದು ಊರಿಗೆಲ್ಲ ತಿಳಿಯುತ್ತದೆ.

ಅತ್ತೆಯ ಸಾಲು ನೋಡಲು ಬೇರೆ ಊರಿನವರು ಬದುವಿನ ಮೇಲೆ ನಿಲ್ಲುತ್ತಿದ್ದರು. ಮಾವ ತೀರಿಕೊಂಡ ವರ್ಷದಿಂದ ಅವರು ಬೀಜ ಬಿಡಲು ನಿಂತವರು. ಮೊದಲ ಹಿಡಿಯನ್ನು ಮುತ್ತೈದೆ ಬಿಡಬೇಕೆಂಬ ರೂಢಿಗಾಗಿ ನಾನು ಒಂದು ಹಿಡಿ ಬಿಡುತ್ತಿದ್ದೆ, ಆಮೇಲೆ ಉಡಿ ಅವರದು. ಒಂಬತ್ತು ವರ್ಷದಲ್ಲಿ ನಾನು ಬಿಟ್ಟದ್ದು ಒಂಬತ್ತು ಹಿಡಿ. ನಾನು ಅಣ್ಣಿಗೇರಿಯಲ್ಲಿ ಏಳನೆಯವರೆಗೆ ಓದಿದವಳು. ಕಲಿಸಿರೆಂದು ಕೇಳಿದರೆ, "ನಿಂದು ಬರಿಯೂ ಕೈಬೇ, ಬಿಗೀ ಹಿಡಿತೈತಿ. ಇದಕ್ಕ ಸಡ್ಲ ಕೈ ಬೇಕು" ಅನ್ನುತ್ತಿದ್ದರು. ಅದನ್ನು ನಾನು ಅವರ ಜಂಬವೆಂದು ತಿಳಿದಿದ್ದೆ. ಬಿತ್ತುವಾಗ ಅವರು ಒಂದು ಮಾತೂ ಆಡುತ್ತಿರಲಿಲ್ಲ, ಬೇರೆಯವರಿಗೂ ಬಿಡುತ್ತಿರಲಿಲ್ಲ. "ಸುಮ್ನ ಬಾ" ಅಂದುಬಿಡುತ್ತಿದ್ದರು. ಅದನ್ನೂ ಜಂಬವೆಂದೇ ತಿಳಿದಿದ್ದೆ.

ಸೋಮವಾರದ ಹಿಂದಿನ ದಿನ ಮೇಲಿನ ಹೊಲದ ಎರಡು ಎಕರೆ ಬಿತ್ತಿ ಮುಗಿಸಿದ್ದರು. ಹುಡುಗಿ ದಿನವಿಡೀ ಅವರ ಹಿಂದೆ ನಡೆದು, ಒಂದು ಸಾಲಿಗೆ ಎಷ್ಟು ಹಿಡಿ, ಒಂದು ಹಿಡಿಗೆ ಎಷ್ಟು ಹೆಜ್ಜೆ, ಹೆಬ್ಬೆರಳು ಎಲ್ಲಿ, ಕಿರುಬೆರಳು ಎಲ್ಲಿ ಎಂದು ಬರೆದುಕೊಂಡಿದ್ದಳು. ಒಂದು ಕಡೆ ಮಣ್ಣು ಸರಿಸಿ ಕಾಳಿನಿಂದ ಕಾಳಿಗೆ ಎಷ್ಟು ದೂರವೆಂದು ಅಳೆಯಹೋಗಿ ಬೈಸಿಕೊಂಡಿದ್ದಳು. ಆದರೂ ಅಳೆದಿದ್ದಳು: ನಾಲ್ಕು ಬೆರಳು.

ಮಂಗಳವಾರ ಬೆಳಗ್ಗೆ ನನ್ನ ಗಂಡ ಎತ್ತು ಬಿಚ್ಚಲು ಹೊರಗೆ ಹೋದರು. ಅತ್ತೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಎದ್ದರು, ಕಂಬ ಹಿಡಿದರು, ಮತ್ತೆ ಕೂತರು. "ನೀರ ತಾ" ಅಂದರು. ನಾನು ತಂಬಿಗೆ ತರುವಷ್ಟರಲ್ಲಿ ಮುಗಿದಿತ್ತು. ಉಡಿಯ ಗಂಟು ಬಿಚ್ಚಿ ಜೋಳವನ್ನು ಬುಟ್ಟಿಗೆ ಸುರಿದವಳು ನಾನೇ. ಸಂಜೆಯೊಳಗೆ ಹೊಲದ ಮೂಲೆಯಲ್ಲಿ ಮಾವನ ಬಾಜುವಿಗೆ ಮಣ್ಣು ಮಾಡಿದೆವು.

ಹುಡುಗಿ ಧಾರವಾಡಕ್ಕೆ ಹೋಗುತ್ತೇನೆಂದಳು. ನಾನು ಬೇಡವೆನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವಳು ಹೋಗಲಿಲ್ಲ. ಬಂದವರು ಕುಡಿದ ಚಹದ ಬಟ್ಟಲು ತೊಳೆದಳು, ಎತ್ತಿಗೆ ಮೇವು ಹಾಕಿದಳು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಬುಧವಾರ ಮಾತು ಹೊಲಕ್ಕೆ ಬಂತು. ಊರಿನ ಹಿರಿಯರೊಬ್ಬರು ಹನ್ನೊಂದು ದಿನ ಕಳೆಯಲಿ ಅಂದರು. ಕಡೆಗೆ ಮಠದ ಅಯ್ಯನೋರು, "ಲಿಂಗ ಕಟ್ಟಿದ ನಮಗ ಸೂತಕ ಎಲ್ಲೈತ್ರಿ? ಹನ್ನೊಂದ ದಿನಕ್ಕ ಹಸಿ ಆರಿ ಹೋಗತೈತಿ. ಮೂರ ದಿನ ಮುಗಿಸಿ ಹೂಡ್ರಿ" ಎಂದರು. ಹೂಡುವುದೇನೋ ಸರಿ, ಬೀಜ ಬಿಡುವವರು ಯಾರು? ಬಾಜು ಮನೆಯ ಕಾಕಿಯ ಕೈ ಊರಲ್ಲಿ ಅತ್ತೆಯ ನಂತರದ್ದು. ಆದರೆ ಅವರದೇ ಹತ್ತು ಎಕರೆ ಬಾಕಿ ಇತ್ತು. "ಸೋಮವಾರ ತನಕಾ ನನಗ ಕೈ ಬಿಡುವಿಲ್ಲ ತಮ್ಮಾ" ಅಂದರು. ಹದ ನೋಡಿದರೆ ಭಾನುವಾರಕ್ಕೆ ಮುಗಿಯಬೇಕು.

ಗುರುವಾರ ಬೆಳಗ್ಗೆ ಹುಡುಗಿ ನೋಟುಬುಕ್ಕು ತಂದು ನನ್ನ ಮುಂದೆ ಇಟ್ಟಳು. ಅಕ್ಷರಗಳೆಲ್ಲ ಅವಳ ಭಾಷೆಯವು, ನನಗೆ ಓದಲು ಬರಲಿಲ್ಲ. ನಡುನಡುವೆ ಚಿತ್ರಗಳಿದ್ದವು. ಅತ್ತೆಯ ಬಲಗೈ, ಮೇಲಿನಿಂದ, ಬಾಜುವಿನಿಂದ, ಮುಚ್ಚಿದ್ದು, ಅರ್ಧ ತೆರೆದದ್ದು. ಬಳೆಯ ಕೆಳಗಿದ್ದ ಸುಟ್ಟ ಗಾಯದ ಕಲೆಯನ್ನೂ ಬರೆದಿದ್ದಳು. ಬಹಳ ಹೊತ್ತು ನೋಡಿದೆ.

"ನೀವು ಬಿಡುತ್ತೀರಿ ರೀ. ನಾನು ಅಳೆಯುತ್ತೇನೆ" ಅಂದಳು.

ಅಂಗಳಕ್ಕೆ ಸಗಣಿ ಸಾರಿಸಿದೆ. ನನ್ನ ಗಂಡ, ಹುಡುಗಿ ಇಬ್ಬರೂ ಕೂರಿಗೆಯನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಎತ್ತಿನ ನಡಿಗೆಯಲ್ಲಿ ನಡೆದರು. ನಾನು ಬೀಜ ಬಿಡುತ್ತ ಹೋದೆ. ಹಸಿ ಸಗಣಿಯ ಮೇಲೆ ಕಾಳು ಬಿದ್ದಲ್ಲೇ ಅಂಟಿಕೊಂಡು ನಿಂತವು. ಹೊಲದಲ್ಲಿ ಕಾಣದ್ದು ಇಲ್ಲಿ ಕಾಣುತ್ತಿತ್ತು: ಒಂದು ಕಡೆ ಹನ್ನೆರಡು ಕಾಳಿನ ಗುಂಪು, ಆಮೇಲೆ ಒಂದು ಮೊಳ ಬಯಲು. ಹುಡುಗಿ ಬಾಗಿ ಬೆರಳಿಟ್ಟು ಅಳೆದು ತಲೆ ಅಲ್ಲಾಡಿಸಿದಳು. ಮತ್ತೆ ಸಾರಿಸಿದೆ, ಮತ್ತೆ ನಡೆದೆವು. ಗೋಡೆಯ ಆಚೆಯಿಂದ ಯಾರೋ, "ಹೊಲಾ ಬಿಟ್ಟು ಅಂಗಳದಾಗ ಬಿತ್ತಾಕತ್ತಾರಲೇ! ರಾಶಿ ಪಡಸಾಲ್ಯಾಗ ಮಾಡ್ತೀರೇನ?" ಎಂದರು. ಗುಬ್ಬಿಗಳಿಗೆ ಹಬ್ಬವಾಯಿತು.

ಹನ್ನೊಂದನೆಯ ಸಲವೋ ಹನ್ನೆರಡನೆಯದೋ, ನನಗೆ ಬೇಸರ ಬಂತು. ಬೆರಳು ಹೇಗಾದರೂ ಇರಲಿ ಎಂದು ಕೈ ಸಡಿಲ ಬಿಟ್ಟೆ. ಆ ಸಾಲು ಸರಿ ಬಂತು. ಸಡಿಲ ಕೈ ಅಂದರೆ ಏನೆಂದು ಅವತ್ತು ಗೊತ್ತಾಯಿತು. ಹೇಳಲು ಅತ್ತೆ ಇರಲಿಲ್ಲ.

ಶುಕ್ರವಾರ ಹೊಲಕ್ಕೆ ಹೋದೆವು. ಹೊರಡುವಾಗ ನನ್ನ ಗಂಡ ಎತ್ತುಗಳ ಕೊರಳಿಗೆ ಗಂಟೆಸರ ಕಟ್ಟಿದರು. ಪ್ರತಿ ವರ್ಷ ಬಿತ್ತಿಗೆಯ ದಿನ ಅತ್ತೆ ಬದುವಿನಲ್ಲಿ ಎತ್ತು ನಿಲ್ಲಿಸಿ ಗಂಟೆಸರ ಬಿಚ್ಚಿ ಜಾಲಿ ಗಿಡಕ್ಕೆ ತೂಗುಹಾಕುತ್ತಿದ್ದರು. ಮಾವ ಹೋದ ವರ್ಷದಿಂದ ಹಾಗೆ. ಗಂಡ ಸತ್ತ ದುಃಖಕ್ಕೆ ಮಾಡಿಕೊಂಡ ನೇಮ ಎಂದು ಊರೆಲ್ಲ ತಿಳಿದಿತ್ತು, ಮಗನೂ ಹಾಗೇ ತಿಳಿದಿದ್ದರು. "ಅವ್ವನ ನೇಮ ಅವ್ವನ ಜೋಡಿ ಹೋತು. ಬಿತ್ತಾಕ ಹೋಗೂ ಎತ್ತು ಬಣಬಣ ಹೋಗಬಾರದು" ಎಂದರು. ನನಗೂ ಸರಿ ಅನಿಸಿತು. ಗಂಟೆಯ ಸದ್ದು ಕೇಳುತ್ತ ನಡೆದರೆ ಮನಸ್ಸಿಗೂ ಸ್ವಲ್ಪ ಹಗುರವಿತ್ತು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತನಾಲ್ಕು ಪಟ್ಟಿ ಹೊಡೆದಿದ್ದೆವು, ಒಂದೂವರೆ ಎಕರೆ. ಪಟ್ಟಿ ಅಂದರೆ ಆ ಬದುವಿನಿಂದ ಈ ಬದುವಿಗೆ ಒಂದು ಸಲ, ಮೂರು ಸಾಲು. ಬುತ್ತಿ ಬಿಚ್ಚುವ ಮುಂಚೆ ಹುಡುಗಿ ಕೂರಿಗೆಯನ್ನು ಓರೆಯಾಗಿ ಎತ್ತಿ ನೋಡಿದಳು. ಎಡಗಡೆಯ ಕೊಳವೆಯ ಬಾಯಿ ಹಸಿಮಣ್ಣಿನಿಂದ ಗಚ್ಚು ಹಾಕಿದಂತೆ ಮುಚ್ಚಿತ್ತು. ಕೊಳವೆಯ ತುಂಬ ಕಾಳು ನಿಂತಿತ್ತು.

ಅದು ಯಾವಾಗ ಕಟ್ಟಿತೆಂದು ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬುತ್ತಿ ಅಲ್ಲೇ ಬಿಟ್ಟು ಮೊಣಕಾಲೂರಿ ಹುಡುಕಿದೆವು. ಪ್ರತಿ ಪಟ್ಟಿಯ ಎಡಸಾಲಿನಲ್ಲಿ ಬೆರಳಿನಿಂದ ಮಣ್ಣು ಸರಿಸಿ ಕಾಳು ಇದೆಯೋ ಇಲ್ಲವೋ ನೋಡುವುದು. ಕೊನೆಯದರಲ್ಲಿ ಇಲ್ಲ. ಅದರ ಹಿಂದಿನದರಲ್ಲಿ ಇಲ್ಲ. ಹಿಂದೆ ಹಿಂದೆ ಹೋದಂತೆ ಒಂಬತ್ತನೆಯ ಪಟ್ಟಿಯಲ್ಲಿ ಕಾಳು ಸಿಕ್ಕಿತು. ಹದಿನೈದು ಸಾಲು ಖಾಲಿ. ನನ್ನ ಗಂಡ ಬದುವಿನ ಮೇಲೆ ಕೂತು, "ಇದು ಆಗೂ ಮಾತಲ್ಲ. ಕಾಕಿ ಬರೂ ತನಕಾ ಬಿಡೂಣು" ಎಂದರು.

"ಅಲ್ಲೀ ತನಕಾ ಹಸಿ ಇರತೈತೇನ್ರಿ?"

"ಇರೂದಿಲ್ಲ. ಬಿತ್ತಿದ್ರರ ಏನ್ ಬರತೈತಿ? ಒಳಗ ಬೀಜ ಬಿತ್ತೋ ಇಲ್ಲೋ ಅನ್ನೂದ ಗೊತ್ತಾಗವಲ್ದು."

ಹುಡುಗಿ ನೋಟುಬುಕ್ಕು ತೆರೆದಳು. ಭಾನುವಾರ ಅತ್ತೆ ಎತ್ತು ನಿಲ್ಲಿಸಿ ಕಡ್ಡಿ ಹಾಕಿದ್ದನ್ನು ಗೆರೆ ಎಳೆದು ಲೆಕ್ಕ ಇಟ್ಟಿದ್ದಳು. ಹನ್ನೊಂದು ಗೆರೆ. ಹನ್ನೊಂದು ಸಲವೂ ಕೊಳವೆ ಕಟ್ಟಿತ್ತು. ಒಮ್ಮೆಯೂ ಸುಮ್ಮನೆ ನಿಲ್ಲಿಸಿರಲಿಲ್ಲ. ಪಕ್ಕದಲ್ಲಿ ಒಂದು ಪದ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಏನದು ಎಂದೆ. "ಕಣ್ಣು" ಅಂದಳು. "ಅವರು ಬಟ್ಟಲು ನೋಡುತ್ತಾರೆ ಅಂತ ತಿಳಿದೆ. ಆದರೆ ಅವರು ಬಟ್ಟಲು ನೋಡಲಿಲ್ಲ ರೀ. ಮುಂದೆ ನೋಡುತ್ತಿದ್ದರು. ನಾನು ಕೇಳಿದರೆ, ಸುಮ್ನ ಬಾ, ಅಂದರು."

ನಾನು ಎದ್ದು ಹೋಗಿ ಕೊಳವೆಗಳನ್ನು ಚೊಕ್ಕ ಮಾಡಿ ನಿಂತಲ್ಲೇ ಒಂದು ಹಿಡಿ ಬೀಜ ಬಟ್ಟಲಿಗೆ ಬಿಟ್ಟೆ. ಬಿದಿರಿನೊಳಗೆ ಸರ್ರನೆ ಕಾಳು ಇಳಿದವು. ಒಂದು ಕೊಳವೆಗೆ ಬೆರಳು ತುರುಕಿ ಮತ್ತೆ ಬಿಟ್ಟೆ. ಸದ್ದು ಬೇರೆ ಇತ್ತು. ಮೂರನೆಯ ಸಲ ಬಿಡುವಾಗ ಎತ್ತು ನೊಣಕ್ಕೆ ಕೊರಳು ಕೊಡವಿತು. ಗಂಟೆ ಝಣ್ ಎಂದವು. ಕೊಳವೆಯ ಸದ್ದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನನ್ನ ಗಂಡ ಇದನ್ನೆಲ್ಲ ನೋಡುತ್ತ ನಿಂತಿದ್ದರು. ನಾನು ಗಂಟೆಸರಕ್ಕೆ ಕೈ ಹಾಕಿದೆ.

"ಅದು ಅವ್ವನ ನೇಮ" ಅಂದರು.

"ನೇಮ ಅಲ್ರಿ ಅದು. ಕಿವಿ."

ಅವರು ಎರಡೂ ಎತ್ತಿನ ಸರ ತಾವೇ ಬಿಚ್ಚಿ ಜಾಲಿ ಗಿಡಕ್ಕೆ ಹಾಕಿ ಬಂದರು. ಬಂದವರು ಮುಖ ಆ ಕಡೆ ತಿರುಗಿಸಿಕೊಂಡೇ ಕೂರಿಗೆ ಹಿಡಿದರು.

ಖಾಲಿ ಉಳಿದ ಹದಿನೈದು ಸಾಲಿನ ಮೇಲೆ ಮತ್ತೆ ಕೂರಿಗೆ ಹಾಯಿಸಿದರೆ ಬಾಜುವಿನ ಸಾಲು ಕೆಡುತ್ತದೆ. "ಅದು ನನ್ನ ಕೆಲಸ ರೀ" ಎಂದು ಹುಡುಗಿ ಕುಡಗೋಲು ತೆಗೆದುಕೊಂಡಳು. ಅದರ ತುದಿಯಿಂದ ಮಣ್ಣು ಗೀರುವುದು, ನಾಲ್ಕು ಬೆರಳಿಗೊಂದು ಕಾಳು ಇಡುವುದು, ಅಂಗಾಲಿನಿಂದ ಮುಚ್ಚುವುದು. ಎರಡೂವರೆ ದಿನ ಅದನ್ನೇ ಮಾಡಿದಳು. ನಾವು ಹೊಲದ ಆ ತುದಿಯಲ್ಲಿ ಬಿತ್ತುತ್ತಿದ್ದರೆ ಅವಳು ಈ ತುದಿಯಲ್ಲಿ ಬಾಗಿಕೊಂಡೇ ಇರುತ್ತಿದ್ದಳು. ಸಂಜೆ ನೆಟ್ಟಗೆ ನಿಲ್ಲಲಾಗದೆ ಗೋಡೆ ಹಿಡಿದು ಒಳಗೆ ಬರುತ್ತಿದ್ದಳು. ನಾನು ಸೊಂಟಕ್ಕೆ ಬಿಸಿ ಎಣ್ಣೆ ಹಚ್ಚುತ್ತಿದ್ದೆ. ಅತ್ತೆಗೆ ಹಚ್ಚುತ್ತಿದ್ದ ಎಣ್ಣೆಯೇ.

ನಾನು ಮೊದಮೊದಲು ಎಲ್ಲ ಸದ್ದಿಗೂ ಎತ್ತು ನಿಲ್ಲಿಸುತ್ತಿದ್ದೆ. ಕಟ್ಟಿದೆ ಎಂದು ನಿಲ್ಲಿಸಿದರೆ ಕೊಳವೆ ಚೊಕ್ಕಟವಿರುತ್ತಿತ್ತು. ನನ್ನ ಗಂಡ ಬೈಯಲಿಲ್ಲ. ಒಮ್ಮೆ ಮಾತ್ರ, "ಎತ್ತಿಗೂ ಬ್ಯಾಸರ ಬಂದೈತಿ" ಅಂದರು. ಕೆಲಸ ಕುಂಟುತ್ತ ಸಾಗಿತು. ಭಾನುವಾರ ಹೊತ್ತು ಮುಳುಗಿದಾಗ ಇನ್ನೂ ಅರ್ಧ ಎಕರೆ ಉಳಿದಿತ್ತು. ಮೇಲಿನ ಮಣ್ಣು ಬೂದಿಬಣ್ಣಕ್ಕೆ ತಿರುಗಿತ್ತು. ಬೆರಳು ಹಾಕಿದರೆ ಹಸಿ ಎರಡನೆಯ ಗೆಣ್ಣಿಗೆ ಸಿಗುತ್ತಿತ್ತು. ಮಂಗಳವಾರಕ್ಕೆ ಅದೂ ಸಿಗುವುದಿಲ್ಲ. ನಾಳೆ ಸೋಮವಾರ.

"ಎತ್ತಿಗೆ ರಜೆ. ಮನುಷ್ಯನಿಗೆ ರಜೆ ಇದೆಯಾ ರೀ?" ಎಂದು ಹುಡುಗಿ ಕೇಳಿದಳು.

ನನ್ನ ಗಂಡ ಮೊದಲು ತಮಾಷೆ ಅಂದುಕೊಂಡರು, ಆಮೇಲೆ ಅವಳ ಮುಖ ನೋಡಿ ಹಗ್ಗ ಹುಡುಕಲು ಎದ್ದರು. ಸೋಮವಾರ ಬೆಳಗ್ಗೆ ಕಾಕಿ ಬಿಡುವಾಗಿ ಬಂದರು, ಕಾಕಾನನ್ನೂ ಕರೆತಂದರು. ನೊಗಕ್ಕೆ ಹಗ್ಗ ಕಟ್ಟಿ ನನ್ನ ಗಂಡ, ಕಾಕಾ, ಹುಡುಗಿ ಮೂವರೂ ಎಳೆಯಲು ನಿಂತರು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಗಾಡಿ ನಿಲ್ಲಿಸಿ, "ಏನ್ರಿ, ಇಂಗ್ಲೆಂಡಿನ ಎತ್ತ ತಂದೀರೇನ?" ಎಂದು ಕೂಗಿದ.

"ಡೆನ್ಮಾರ್ಕ್ ರೀ!" ಎಂದು ಹುಡುಗಿ ಕೂಗಿದಳು.

ಅತ್ತೆ ಹೋದ ಮೇಲೆ ನಾವು ನಕ್ಕದ್ದು ಅದೇ ಮೊದಲು.

ಕಾಕಿ ಉಡಿಗಾಗಿ ಸೆರಗು ಒಡ್ಡಿದರು. "ತಾ ಯವ್ವಾ, ದಣದೀದಿ. ಅರ್ಧ ಎಕರೆ ನಾ ಒಗದಬಿಡ್ತೀನಿ."

ಅವರ ಕೈ ನನಗಿಂತ ನೂರು ಪಾಲು ಮೇಲು. ಕೊಟ್ಟಿದ್ದರೆ ಹೊಲಕ್ಕೆ ಒಳ್ಳೆಯದೇ ಆಗುತ್ತಿತ್ತು. ಕೊಡಲು ಕೈ ಬರಲಿಲ್ಲ. "ನೀವು ಕೂರಿಗಿ ಹಿಡೀರಿ ಕಾಕಿ. ಇದನ್ನ ನಾನ ಮುಗಸ್ತೀನಿ" ಅಂದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂರಿಗೆ ಹಿಡಿದರು.

ಎತ್ತು ಏದುಸಿರು ಬಿಡುವುದಿಲ್ಲ, ಮನುಷ್ಯರು ಬಿಡುತ್ತಾರೆ. ಮೂವರ ಉಸಿರಿನ ನಡುವೆ ಬಿದಿರಿನ ಸದ್ದು ಹುಡುಕುವುದು ಕಷ್ಟವಾಯಿತು. ನಾಲ್ಕನೆಯ ಪಟ್ಟಿಯಲ್ಲಿ ನಾನು, "ನಿಲ್ರಿ, ಕಟ್ಟೇತಿ" ಎಂದೆ. ಎಡ, ನಡು, ಬಲ, ಮೂರಕ್ಕೂ ಕಡ್ಡಿ ಹಾಕಿದೆ. ಬಲಗಡೆಯದರಿಂದ ಮಣ್ಣು ಬಂತು.

"ಕೇಳಿ ನಿಲ್ಲಿಸಿದೇನ?" ಎಂದರು ಕಾಕಿ.

"ಹೌದ್ರಿ. ನೀವು ಕೇಳೂದಿಲ್ಲೇನ್?"

"ನಮಗೆಲ್ಲಿ ಬರತೈತಿ? ಕಟ್ಟಲಿ ಬಿಡಲಿ, ತಿರುವಿಗೊಮ್ಮೆ ಮೂರೂ ತಿವದಬಿಡ್ತೀನಿ. ಕೇಳಾಕಿ ನಿಮ್ಮತ್ತಿ ಒಬ್ಬಾಕಿನ. ಆಕಿ ಹಿಂಗ ಮೂರೂ ತಿವೀತಿದ್ದಿಲ್ಲ ಮತ್ತ. ಎಡದ್ದಂದ್ರ ಎಡದ್ದು, ನಡುವಿಂದಂದ್ರ ನಡುವಿಂದು. ಒಂದಕ್ಕ ಕಡ್ಡಿ ಹಾಕಿ ನಡದಬಿಡ್ತಿದ್ಲು."

"ಯಾವುದು ಅಂತ ಹ್ಯಾಂಗ ಗೊತ್ತಾಗತಿತ್ತು?"

"ಅದು ನನಗ ಗೊತ್ತಿದ್ರ ನಾ ಯಾಕ ಮೂರೂ ತಿವೀತಿದ್ದೆ?" ಎಂದು ಕಾಕಿ ಮತ್ತೆ ಕೂರಿಗೆಗೆ ಭಾರ ಕೊಟ್ಟರು.

ಹುಡುಗಿ ಹಗ್ಗ ಹೆಗಲ ಮೇಲಿಟ್ಟುಕೊಂಡೇ ತಿರುಗಿ ಕೇಳಿಸಿಕೊಳ್ಳುತ್ತಿದ್ದಳು. ಅವತ್ತು ಸಂಜೆ ನೋಟುಬುಕ್ಕು ತೆರೆದು ಆ ಹನ್ನೊಂದು ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಯಾವ ಸಲ ಯಾವ ಕೊಳವೆ ಎಂದು ಅವಳು ಬರೆದಿರಲಿಲ್ಲ.

ಮೊಳಕೆ ಏಳುವವರೆಗೆ ಇದ್ದು ಹೋಗುತ್ತೇನೆಂದು ಇನ್ನೊಂದು ವಾರ ಉಳಿದಳು. ಹಸಿರು ಎದ್ದಿತು. ನಾನು ಬಿತ್ತಿದ ಸಾಲುಗಳಲ್ಲಿ ಗುಂಪೂ ಇತ್ತು, ಬಯಲೂ ಇತ್ತು, ಆದರೆ ಖಾಲಿ ಸಾಲು ಒಂದೂ ಇರಲಿಲ್ಲ. ಎಲ್ಲಕ್ಕಿಂತ ಚೊಕ್ಕ ಬಂದದ್ದು ಅವಳು ಕುಡಗೋಲಿನಿಂದ ಗೀರಿ ಇಟ್ಟ ಹದಿನೈದು ಸಾಲು. ಬದುವಿನ ಮೇಲೆ ನಿಂತ ಕಾಕಿ, "ಅತ್ತೀ ಕೈ ಸೊಸಿಗೆ ಬರಲಿಲ್ಲ ನೋಡ್ರಿ, ಹಡಗ ಹತ್ತಿ ಹೊಂಟೈತಿ" ಎಂದರು. ಹುಡುಗಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಹೇಳಿದೆ. ಹಡಗಲ್ಲ, ಬಸ್ಸು ಎಂದಳು. ಮರುದಿನ ಅಣ್ಣಿಗೇರಿಯ ಬಸ್ಸು ಹತ್ತಿಸಿ ಬಂದೆ, ಅಲ್ಲಿಂದ ಅವಳಿಗೆ ರೈಲು. ಕೈಯ ಚಿತ್ರಗಳಿದ್ದ ಎರಡು ಹಾಳೆ ಹರಿದು ನನಗೆ ಕೊಟ್ಟಿದ್ದಳು.

ಆ ವರ್ಷ ರೊಟ್ಟಿಗೆ ಕೊರತೆಯಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಬಿತ್ತಿಗೆ ನನ್ನದೇ ಆಯಿತು. ಗುಂಪು ಕಡಿಮೆಯಾದವು, ಬಯಲು ಕಡಿಮೆಯಾದವು. ಕೊಳವೆ ಕಟ್ಟಿದರೆ ಎತ್ತು ಹತ್ತು ಹೆಜ್ಜೆ ಹೋಗುವುದರೊಳಗೆ ನನಗೆ ಕೇಳುತ್ತದೆ, ನಿಲ್ಲಿಸುತ್ತೇನೆ. ಮೂರಕ್ಕೂ ಕಡ್ಡಿ ಹಾಕುತ್ತೇನೆ. ಮೂರರಲ್ಲಿ ಕಟ್ಟಿದ್ದು ಯಾವುದೆಂದು ನನಗೆ ಇನ್ನೂ ಕೇಳಿಸುವುದಿಲ್ಲ.